ಕತ್ತೆಯ ಒತ್ತು

ನನ್ನ ಮಗಳ ಕೊರಳಿಗೆ ಸ್ಲೇಟು ಕಟ್ಟಿ ಶಾಲೆಯೆಲ್ಲ ಸುತ್ತಿಸಿದ ದಿನ ನಾನು ಖುಷಿಪಟ್ಟೆ. ಹೀಗೆ ಹೇಳಲು ನನಗೆ ನಾಚಿಕೆಯಿಲ್ಲ. ನಾಚಬೇಕಾದವರು ಬೇರೆ ಇದ್ದಾರೆ, ಅವರ ವಿಷಯಕ್ಕೆ ಬರುತ್ತೇನೆ.

ನಾನು ಆ ಶಾಲೆಯ ಆಯಾ. ನೆಲ ಒರೆಸುವುದು, ಕಕ್ಕಸು ತೊಳೆಯುವುದು, ವಾಂತಿ ಮಾಡಿಕೊಂಡ ಮಗುವಿನ ಮುಖ ತೊಳೆದು ಆಮೇಲೆ ಬೆಂಚು ತೊಳೆಯುವುದು, ಮೇಷ್ಟ್ರುಗಳು ಚಹಾ ಕುಡಿದ ಲೋಟ ತೊಳೆಯುವುದು. ತೊಳೆಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಬೆರಳ ಸಂದಿಯ ಚರ್ಮ ವರ್ಷವಿಡೀ ಬೆಳ್ಳಗೆ ಬಿರಿದಿರುತ್ತದೆ. ಮಂಡಿ ಎರಡೂ ಕಪ್ಪುಗಟ್ಟಿವೆ. ಫಿನಾಯಿಲ್ ವಾಸನೆ ಮನೆಗೂ ನನ್ನ ಜೊತೆಗೇ ಬರುತ್ತದೆ. ಮಗಳು ಕೂಸಾಗಿದ್ದಾಗ ಎಲ್ಲರ ಅಮ್ಮಂದಿರೂ ಹೀಗೇ ನಾರುತ್ತಾರೆ ಎಂದುಕೊಂಡಿದ್ದಳು.

ಆಯಾ ಮಗಳು ಎಂದು ಅವಳಿಗೆ ಆ ಶಾಲೆಯಲ್ಲಿ ಜಾಗ ಸಿಕ್ಕಿತ್ತು. ಸಿಕ್ಕಿದ್ದು ಕೊನೆಯ ಬೆಂಚಿನ ಕೊನೆಯ ತುದಿ. ಅರ್ಧ ಕೂತರೆ ಇನ್ನರ್ಧ ಜಾರುವ ಜಾಗ. ಅವಳಿಗೆ ಓದು ಹತ್ತುತ್ತಿರಲಿಲ್ಲ. ಬಾಯಲ್ಲಿ ಕೇಳಿ, ಹೋದ ವರ್ಷ ಯಾರ ಚಪ್ಪಲಿ ಯಾವ ದಿನ ಕಳೆಯಿತು ಎನ್ನುವುದನ್ನೂ ಬಿಡದೆ ಹೇಳುತ್ತಾಳೆ. ಪುಸ್ತಕ ಮುಂದಿಟ್ಟರೆ ಮುಗಿಯಿತು. ಇರುವೆ ಸಾಲಿಗೆ ನೀರು ಚೆಲ್ಲಿದ ಹಾಗೆ ಅಕ್ಷರಗಳೆಲ್ಲ ದಿಕ್ಕಾಪಾಲು ಎನ್ನುತ್ತಿದ್ದಳು. ಅದರಲ್ಲೂ ಒತ್ತಕ್ಷರ ಅವಳ ಪಾಲಿಗೆ ಇಲ್ಲವೇ ಇಲ್ಲ. ಅಕ್ಷರದ ಕೆಳಗೆ ನೇತಾಡುವ ಒತ್ತು ಅವಳ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅಕ್ಕ ಅವಳಿಗೆ ಅಕ. ಬೆಕ್ಕು ಬೆಕು. ಹೊಟ್ಟೆ ಹೊಟೆ. ನಾನೂ ಪುಸ್ತಕದಲ್ಲಿ ಅಮ್ಮನಲ್ಲ, ಅಮ.

ಒಂದು ದಿನ ಹೆಡ್‌ಮಾಸ್ಟರು ತಾಳ್ಮೆಗೆಟ್ಟರು. ಅವರ ಬಳಿ ತಾಳ್ಮೆ ಮೊದಲೂ ಇರಲಿಲ್ಲ, ಆ ದಿನ ಇಲ್ಲದ್ದೂ ಕೆಟ್ಟಿತು. ಒಂದು ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ಪದ ಬರೆದು, ದಾರ ಪೋಣಿಸಿ, ಮಗಳ ಕೊರಳಿಗೆ ಹಾಕಿ, ಎಲ್ಲ ತರಗತಿಗೂ ಹೋಗಿ ತೋರಿಸಿ ಬಾ ಎಂದರು.

ಅವಳು ಕಾರಿಡಾರಿನಲ್ಲಿ ಓಡಿಬಂದಳು. ಮುಖ ಅರಳಿತ್ತು.

"ಅಮ್ಮ, ನೋಡೇ! ನಾನು ಕತೆ ಅಂತೆ!"

ನಾನೂ ಓದಿದೆ. ನನಗೆ ಅಕ್ಷರ ಗೊತ್ತು. ಒತ್ತಕ್ಷರದ ಪಾಠ ಶುರುವಾಗುವ ಹೊತ್ತಿಗೆ ನನ್ನನ್ನು ಶಾಲೆ ಬಿಡಿಸಿ ತಮ್ಮನನ್ನು ಎತ್ತಿಕೊಳ್ಳಲು ಹಾಕಿದ್ದರು. ನಾ, ನು, ಕ, ತೆ. ಸರಿಯಾಗಿತ್ತು. ಕೊನೆಯ ಅಕ್ಷರದ ಕೆಳಗೊಂದು ಬಾಲ ಇತ್ತು. ಅಂದಕ್ಕೆ ಎಳೆದಿದ್ದಾರೆ ಎಂದುಕೊಂಡೆ. ಅಂತೂ ಹೆಡ್‌ಮಾಸ್ಟರಿಗೆ ನನ್ನ ಮಗಳ ಬಾಯಿಯ ಬೆಲೆ ತಿಳಿಯಿತಲ್ಲ ಎಂದು ಹಿಗ್ಗಿ, ಒದ್ದೆ ಕೈಯಲ್ಲೇ ಅವಳ ತಲೆ ನೇವರಿಸಿದೆ. ಅವಳು ಹೋಗಿ ಎಲ್ಲ ತರಗತಿಯ ಬಾಗಿಲಲ್ಲೂ ಎದೆಯುಬ್ಬಿಸಿ ನಿಂತಳು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಇಷ್ಟು ಜನ ತನ್ನನ್ನು ನೋಡಿ ನಗುವುದು ಅವಳಿಗೆ ಹೊಸದಾಗಿತ್ತು.

ಗೇಟಿನ ವಾಚ್‌ಮನ್ ಅಣ್ಣ ಮಾತ್ರ ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದ.

"ತಂಗೀ, ಅದು ಕತೆ ಅಲ್ಲಮ್ಮ. ಕತ್ತೆ. ಕೆಳಗೆ ಒತ್ತು ಇದೆ."

ಮಾಪ್ ಕೋಲು ಹಿಡಿದುಕೊಂಡೇ ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದರು.

"ನನ್ನ ಮಗಳನ್ನ ಕತ್ತೆ ಅಂದ್ರಂತೆ?"

"ಓದಕ್ಕೆ ಬಂದಿದ್ರೆ ಅವಳೇ ತಿಳ್ಕೊಳ್ತಿದ್ಲು. ಬರಲಿಲ್ಲ, ಅದಕ್ಕೇ ಅವಳು ಕತ್ತೆ. ನೋಡು, ಪರೀಕ್ಷೆನೂ ಆಯ್ತು, ಶಿಕ್ಷೆನೂ ಆಯ್ತು." ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅದಕ್ಕೂ ನಾನೇ ಕಾರಣ ಎನ್ನುವ ಹಾಗೆ ನೋಡಿದರು. "ವರ್ಷದ ಕೊನೇಲಿ ಒಂದು ಪುಟ ಓದದೇ ಇದ್ರೆ ಟಿ.ಸಿ. ಕೊಟ್ಟು ಕಳಿಸ್ತೀನಿ. ಇನ್ನೊಂದು ಮಾಪ್ ಇದ್ಯಲ್ಲ, ಹಿಡಿಸು ಅವಳಿಗೆ."

ಆ ರಾತ್ರಿ ನಾನು ಅನ್ನ ಬಡಿಸುವಾಗ ತಟ್ಟೆಯನ್ನು ಕುಕ್ಕಿದೆ. ಮಗಳಿಗೆ ಏನೂ ಅರ್ಥವಾಗಲಿಲ್ಲ. ಸ್ಲೇಟು ಎಲ್ಲಿ, ಮನೆಯಲ್ಲಿ ನೇತುಹಾಕೋಣ ಎಂದು ಕೇಳುತ್ತಿದ್ದಳು.

*

ಕೆಲವು ತಿಂಗಳಿಗೆ ಶಾಲೆಗೊಂದು ಹೊಸ ಕೋಣೆ ಬಂತು. ಮೇಲಿನವರು ಕೊಟ್ಟದ್ದು. ಓದು ಹತ್ತದ ಮಕ್ಕಳಿಗೆ ಬೇರೆ ಬಗೆಯಲ್ಲಿ ಕಲಿಸಲು. ಒಳಗೆ ಪುಟ್ಟ ಪುಟ್ಟ ಬಣ್ಣದ ಕುರ್ಚಿ, ದುಂಡು ಮೇಜು, ಮರಳು ತುಂಬಿದ ತಟ್ಟೆ, ಜೇಡಿಮಣ್ಣಿನ ಡಬ್ಬಿ, ಮರದಲ್ಲಿ ಕೆತ್ತಿದ ಅಕ್ಷರ. ಬಾಗಿಲ ಮೇಲೆ ಹಿತ್ತಾಳೆ ಬೋರ್ಡು: ಕಲಿಕಾ ಚಿಕಿತ್ಸಾ ಕೊಠಡಿ. ಆ ಬೋರ್ಡು ಓದಬೇಕಾದರೆ ಮೊದಲು ಆ ಕೋಣೆಯೊಳಗೆ ಹೋಗಿ ಓದು ಕಲಿತಿರಬೇಕು ಎಂದು ವಾಚ್‌ಮನ್ ಅಣ್ಣ ನಕ್ಕ.

ಕೋಣೆಯ ಜೊತೆಗೆ ಒಬ್ಬ ಮಿಸ್ಸೂ ಬಂದಳು. ಸಣ್ಣ ವಯಸ್ಸು, ದೊಡ್ಡ ಕನ್ನಡಕ. ಇಂಥ ಮಕ್ಕಳಿಗೆ ಕಲಿಸುವುದನ್ನೇ ಓದಿ ಬಂದವಳು. ಬಂದ ದಿನವೇ ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಬರೆದು ತೋರಿಸಿದಳು. ಮಕ್ಕಳು ಮರಳು ಮಿಸ್ ಎಂದು ಹೆಸರಿಟ್ಟವು. ಹೆಡ್‌ಮಾಸ್ಟರು ಅದಕ್ಕೊಂದು ಕೊಂಬು ಸೇರಿಸಿ ಮರುಳು ಮಿಸ್ ಎಂದು ಕರೆದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು. ಹೆಡ್‌ಮಾಸ್ಟರು ಕೋಣೆಗೆ ಬೀಗ ಹಾಕಿದರು.

"ತನಿಖೆಗೆ ಸಾಹೇಬ್ರು ಬರ್ತಾರೆ. ಅಲ್ಲೀವರೆಗೆ ಎಲ್ಲ ಹೊಸದಾಗೇ ಇರ್ಬೇಕು."

"ಸಾರ್, ಇದು ಬಳಸಕ್ಕೆ ಇರೋದು," ಎಂದಳು ಮಿಸ್.

"ಬಳಸಿದ್ರೆ ಹಳೇದಾಗುತ್ತಮ್ಮ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಮಿಸ್ಸಿಗೆ ಗಂಟೆ ಬಾರಿಸುವ ಕೆಲಸ ಕೊಟ್ಟರು. ಆಮೇಲೆ ಟೈಪು ಮಾಡುವ ಕೆಲಸ. ಆಮೇಲೆ ರಜೆ ಹಾಕಿದ ಮೇಷ್ಟ್ರುಗಳ ತರಗತಿಯಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳುವ ಕೆಲಸ.

ಬೀಗ ಹಾಕಿದರೂ ಧೂಳು ಕೂರುತ್ತದಲ್ಲ. ಅದಕ್ಕೂ ಹೆಡ್‌ಮಾಸ್ಟರು ದಾರಿ ಹುಡುಕಿದರು. ಪ್ರಾರ್ಥನೆಗೆ ಎಲ್ಲರೂ ನಿಂತಿರುವಾಗ ಗಂಟಲು ಸರಿಮಾಡಿಕೊಂಡು ಹೇಳಿದರು:

"ಯಾವ ಮಕ್ಕಳಿಗಾಗಿ ಈ ಕೊಠಡಿ ಇದೆಯೋ, ಆ ಮಕ್ಕಳೇ ಅದನ್ನ ಗುಡಿಸಬೇಕು. ಇದು ನಿಯಮ. ಸ್ವಾವಲಂಬನೆ ಅಂತಾರೆ ಇದಕ್ಕೆ."

ಚಪ್ಪಾಳೆ ಬಿತ್ತು. ಅಂದಿನಿಂದ ಓದು ಬಾರದ ಏಳೆಂಟು ಮಕ್ಕಳು ದಿನಾ ಬೆಳಗ್ಗೆ ಆ ಕೋಣೆ ಗುಡಿಸಿದವು. ನನ್ನ ಮಗಳು, ಅಂಕಿಯನ್ನು ತಿರುಗಿಸಿ ಬರೆಯುವವನು, ಕೂತಲ್ಲಿ ಕೂರಲಾರದವನು, ಕೇಳಿದ್ದನ್ನು ಬಾಗಿಲು ದಾಟುವುದರೊಳಗೆ ಮರೆಯುವವಳು. ಕುರ್ಚಿ ಒರೆಸಬೇಕು, ಕೂರಬಾರದು. ಅಕ್ಷರ ಒರೆಸಬೇಕು, ಆಡಬಾರದು. ಮರಳಿನ ತಟ್ಟೆಯ ಮೇಲಿನ ಧೂಳನ್ನೂ ಒರೆಸಿ ಎಂದಾಗ, ಮರಳಿನ ಮೇಲಿನ ಧೂಳನ್ನು ಹೇಗೆ ಒರೆಸುವುದೆಂದು ಮಕ್ಕಳು ಒಂದು ಗಂಟೆ ಯೋಚಿಸಿದವು. ಪಾಠ ತಪ್ಪುತ್ತದಲ್ಲ ಎಂದು ಮಿಸ್ ಕೇಳಿದರೆ, ಹೇಗೂ ತಲೆಗೆ ಹತ್ತದ ಪಾಠ ತಪ್ಪಿದರೆ ನಷ್ಟವೇನು ಎಂದರು ಹೆಡ್‌ಮಾಸ್ಟರು.

ಅಲ್ಲೊಂದು ಕೆಂಪು ಕುರ್ಚಿ ಇತ್ತು. ಒರೆಸಿ ಒರೆಸಿ ಮಗಳಿಗೆ ಅದರ ತಳದ ಮೊಳೆಗಳೂ ಪರಿಚಯವಾಗಿದ್ದವು.

"ಅಮ್ಮ, ಒಂದೇ ಒಂದ್ಸಲ ಕೂರ್ಲಾ?"

ಕೂರು ಎನ್ನುವುದರೊಳಗೆ ಹಿಂದಿನಿಂದ ಹೆಡ್‌ಮಾಸ್ಟರ ದನಿ ಬಂತು. "ಏಯ್! ಹೆಜ್ಜೆ ಮೂಡುತ್ತೆ, ಹೊರಗೆ ನಡಿ." ಅವಳು ಬರಿಗಾಲಲ್ಲಿ ನಿಂತಲ್ಲೇ ನಿಂತಳು. ಹೊರಗೆ ಹೋಗಬೇಕಾದರೂ ಹೆಜ್ಜೆ ಮೂಡುತ್ತದಲ್ಲ ಎಂದು ಅವಳಿಗೆ ದಿಗಿಲು. ಕೊನೆಗೆ ನಾನೇ ಎತ್ತಿಕೊಂಡು ಬಂದೆ.

*

ಪಾಠ ನಡೆದದ್ದು ನನ್ನ ಜಾಗದಲ್ಲಿ. ಕಟ್ಟಡದ ಹಿಂದೆ, ನಾನು ಮಾಪ್ ಹಿಂಡುವ ನಲ್ಲಿಯ ಪಕ್ಕ. ಊಟದ ಬಿಡುವಿನಲ್ಲಿ ಮರಳು ಮಿಸ್ ಅಲ್ಲಿಗೆ ಬಂದು ಕೂರುತ್ತಿದ್ದಳು. ಮರಳು ಬೀಗದೊಳಗಿತ್ತು. ವಾಚ್‌ಮನ್ ಅಣ್ಣ ಬೆಂಕಿ ಆರಿಸಲು ಮರಳು ತುಂಬಿ ನೇತುಹಾಕಿದ್ದ ಕೆಂಪು ಬಕೆಟ್ ಇಳಿಸಿ ತಂದ. "ಬೆಂಕಿ ಬಿದ್ದಾಗ ನೋಡ್ಕೊಳೋಣ, ಬಿಡಿ," ಎಂದ.

"ನನ್ನ ಮಗಳು ದಡ್ಡಿನಾ ಮಿಸ್?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಅಲ್ಲಮ್ಮ. ಕಣ್ಣಿಂದ ತಲೆಗೆ ಅಕ್ಷರ ಹೋಗೋ ದಾರಿ ಇವಳಲ್ಲಿ ಸುತ್ತು ಬಳಸಾಗಿದೆ, ಅಷ್ಟೇ. ಹೊಡೆದ್ರೆ ದಾರಿ ನೆಟ್ಟಗಾಗಲ್ಲ. ಕೈಯಿಂದ ಒಂದು ದಾರಿ, ಕಾಲಿಂದ ಒಂದು ದಾರಿ, ಕಿವಿಯಿಂದ ಒಂದು ದಾರಿ, ಹೀಗೆ ಬೇರೆ ದಾರಿ ಮಾಡ್ಕೊಡ್ಬೇಕು. ನಿಧಾನ ಆಗುತ್ತೆ. ಆದ್ರೆ ತಲುಪ್ತಾಳೆ."

ಮಿಸ್ ಮಗಳ ಬೆನ್ನ ಮೇಲೆ ಬೆರಳಿನಿಂದ ಅಕ್ಷರ ಬರೆಯುತ್ತಿದ್ದಳು. ಮಗಳು ಕಣ್ಣು ಮುಚ್ಚಿ ಅದನ್ನೇ ಮರಳಿನಲ್ಲಿ ಬರೆಯಬೇಕು. ಒಂದು ರಟ್ಟಿಗೆ ಸಣ್ಣ ಕಿಟಕಿ ಕತ್ತರಿಸಿ ಪುಸ್ತಕದ ಮೇಲಿಟ್ಟಳು. ಒಂದು ಸಲಕ್ಕೆ ಒಂದೇ ಪದ ಕಾಣುತ್ತದೆ, ಉಳಿದ ಇರುವೆಗಳು ರಟ್ಟಿನ ಕೆಳಗೆ. ಇನ್ನು ಒತ್ತು. ಅದಕ್ಕೆ ಮಿಸ್ ಮಾಡಿದ ಉಪಾಯ ನೋಡಿ ನಾನೇ ನಕ್ಕುಬಿಟ್ಟೆ.

"ಒತ್ತು ಎಲ್ಲಿರುತ್ತೆ ಪುಟಾಣಿ?"

"ಕೆಳಗೆ."

"ನಿನ್ನ ಕೆಳಗೆ ಏನಿದೆ?"

"ಕಾಲು."

"ಹಾಗಾದ್ರೆ ಒತ್ತು ಬಂದಾಗ ಕಾಲಿಂದ ಒತ್ತು!"

ಕ, ಧಪ್, ತ್ತೆ. ಹು, ಧಪ್, ಲ್ಲು. ಮಕ್ಕಳೆಲ್ಲ ಎದ್ದು ನಿಂತು ಕುಟ್ಟಿದವು. ಕೂತಲ್ಲಿ ಕೂರಲಾರದವನಿಗಂತೂ ಸ್ವರ್ಗ ಸಿಕ್ಕಿತು. ಓದಿದ್ದು ಒಂದೇ ಪುಟ. ಪುಸ್ತಕದ ಮೊದಲ ಪಾಠ. "ಒಂದು ಕತ್ತೆ ಇತ್ತು. ಕತ್ತೆ ಹಳ್ಳದ ಪಕ್ಕ ಹುಲ್ಲು ತಿನ್ನುತ್ತಿತ್ತು." ಕೊನೆಯ ಪದಕ್ಕೆ ಮೂರು ಕುಟ್ಟು ಬೇಕು. ಅಲ್ಲಿಗೆ ಬಂದಾಗ ನನ್ನ ಬಕೆಟ್ಟಿನ ನೀರೂ ನಡುಗುತ್ತಿತ್ತು.

ಒಂದು ಮಧ್ಯಾಹ್ನ ಮಗಳು ತಾನಾಗಿಯೇ ಆ ಸಾಲು ಓದಿದಳು. ಕತ್ತೆ. ಒತ್ತಿನ ಸಮೇತ. ಬೆರಳನ್ನು ಆ ಪದದ ಮೇಲೇ ಇಟ್ಟುಕೊಂಡಳು. ಸ್ಲೇಟಿನ ಮೇಲೆ ಇದ್ದದ್ದು ಏನೆಂದು ಅವಳಿಗೆ ಆಗ ಹೊಳೆಯಿತು. ಅವಳು ಓದಲು ಕಲಿತ ಮೊದಲ ಪದ ಅವಳಿಗೆ ಬೈದ ಪದವಾಗಿತ್ತು. ನನ್ನ ಕಡೆ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದು ಕೇಳಿದಳು. ನಾನು ಮಾಪ್ ಹಿಂಡಿದೆ. ಹಿಂಡಿದ್ದನ್ನೇ ಹಿಂಡಿದೆ.

*

ತನಿಖೆಯ ದಿನ ಗೊತ್ತಾಯಿತು. ಸಾಹೇಬರಿಗೆ, ಓದು ಬಾರದ ಮಗು ಮೊದಲು ಹೇಗೆ ಓದುತ್ತಿತ್ತು, ಈಗ ಹೇಗೆ ಓದುತ್ತದೆ, ಎರಡನ್ನೂ ತೋರಿಸಬೇಕಂತೆ. ಹೆಡ್‌ಮಾಸ್ಟರು ನಮ್ಮ ಮಕ್ಕಳನ್ನು ಒಮ್ಮೆ ನೋಡಿದರು. ಹರಿದ ಅಂಗಿ, ಧೂಳು ತುಂಬಿದ ತಲೆ. ಆ ಧೂಳು ಯಾವ ಕೋಣೆಯದು ಎಂದು ಅವರು ಕೇಳಿಕೊಳ್ಳಲಿಲ್ಲ.

"ಇವನ್ನ ಸಾಹೇಬ್ರ ಮುಂದೆ ನಿಲ್ಲಿಸಕ್ಕಾಗುತ್ತಾ? ರ‍್ಯಾಂಕ್‌ನ ಕರೀರಿ."

ರ‍್ಯಾಂಕ್ ಎಂದರೆ ಶಾಲೆಗೇ ಮೊದಲು ಬರುವ ಹುಡುಗಿ. ಅವಳ ಅಪ್ಪ ಶಾಲೆಗೆ ಫ್ಯಾನು ಕೊಟ್ಟವರು. ಓದು ಬಾರದವಳಾಗಿ ನಟಿಸಿ, ಆಮೇಲೆ ಓದಿ ತೋರಿಸುವುದು ಅವಳ ಕೆಲಸ. ಓದುವುದು ಸುಲಭ. ಓದು ಬಾರದಿರುವುದೇ ಕಷ್ಟವಾಯಿತು. ಹುಟ್ಟಿದಾಗಿನಿಂದ ತಪ್ಪೇ ಮಾಡಿದವಳಲ್ಲ ಅವಳು. ಎಷ್ಟು ಹೇಳಿಕೊಟ್ಟರೂ ಪಟಪಟನೆ ಸರಿಯಾಗಿ ಓದಿಬಿಡುತ್ತಾಳೆ. ಹೆಡ್‌ಮಾಸ್ಟರು ಹಣೆ ಚಚ್ಚಿಕೊಂಡು ನನ್ನ ಮಗಳಿಗೆ ಹೇಳಿಕಳಿಸಿದರು.

"ನೀನು ಹೇಗೆ ಓದ್ತೀಯೋ ಹಾಗೇ ಇವಳಿಗೆ ಕಲಿಸ್ಬೇಕು. ಚೆನ್ನಾಗಿ ಕಲಿಸಿದ್ರೆ ತನಿಖೆ ಮುಗಿದ ಮೇಲೆ ಆ ಕೆಂಪು ಕುರ್ಚಿ ನಿಂಗೇ. ಟಿ.ಸಿ.ನೂ ಇಲ್ಲ."

ಕತ್ತೆ ಎನ್ನಿಸಿಕೊಂಡವಳು ಮೇಷ್ಟ್ರಾದಳು. ನಲ್ಲಿಯ ಪಕ್ಕ ಪಾಠ ಶುರುವಾಯಿತು. ರ‍್ಯಾಂಕ್ ಪುಸ್ತಕ ಹಿಡಿದು, "ಒಂದು ಕುದುರೆ ಇತ್ತು," ಎಂದಳು.

"ಕುದುರೆ ಎಲ್ಲಿಂದ ಬಂತು?" ಮಗಳು ಗದರಿದಳು. "ಬಾಯಿಗೆ ಬಂದಿದ್ದು ಹೇಳಿದ್ರೆ ಅದು ತಪ್ಪಲ್ಲ, ಸುಳ್ಳು. ತಪ್ಪನ್ನೂ ಸರಿಯಾಗಿ ಮಾಡ್ಬೇಕು."

"ಮತ್ತೆ ಹೇಗೆ ಮಾಡ್ಲಿ?"

"ಸರಿಯಾಗೇ ಓದ್ಬೇಕು ಅಂತ ಜೀವ ಬಿಡ್ತಾ ಇರ್ಬೇಕು. ಕೈ ಬೆವರ್ಬೇಕು. ಎಲ್ರೂ ನಗ್ತಾರೆ ಅಂತ ಕಿವಿ ಬಿಸಿ ಆಗ್ಬೇಕು. ಆಗ ತಪ್ಪು ತಾನಾಗೇ ಬರುತ್ತೆ. ಹೂಂ, ಓದು."

ರ‍್ಯಾಂಕ್ ಓದಿದಳು. ನಮ್ಮ ಮಕ್ಕಳು ಸುತ್ತ ನಿಂತು, ತರಗತಿಯಲ್ಲಿ ಉಳಿದವರು ತಮಗೆ ದಿನಾ ಮಾಡುವ ಹಾಗೆ, ಒಂದೊಂದು ಪದಕ್ಕೂ ಕಿಸಕ್ಕನೆ ನಕ್ಕವು. ನಾಲ್ಕು ದಿನಕ್ಕೆ ಅವಳ ದನಿ ಸಣ್ಣದಾಯಿತು. ವಾರ ಕಳೆಯುವುದರೊಳಗೆ ಅವಳು ಪುಸ್ತಕ ತೆರೆಯುವ ಮೊದಲೇ ಉಗುಳು ನುಂಗತೊಡಗಿದಳು. ಒಂದು ದಿನ ಮಗಳನ್ನು ಕೇಳಿದಳು:

"ನಿಂಗೆ ದಿನಾ ಹೀಗೇನಾ?"

"ಹೂಂ."

ರ‍್ಯಾಂಕ್ ಪುಸ್ತಕ ಮುಚ್ಚಿ ಅವಳ ಪಕ್ಕಕ್ಕೆ ಸರಿದು ಕೂತಳು. ಮಿಸ್ ಇದನ್ನೆಲ್ಲ ನೋಡುತ್ತ ಕನ್ನಡಕ ಒರೆಸಿಕೊಳ್ಳುತ್ತಿದ್ದಳು. ಹೆಡ್‌ಮಾಸ್ಟರ ಹತ್ತಿರ ಹೋಗಿ ಜಗಳವಾಡಿ ಬಂದಿದ್ದಳು. ಬಾಯಿ ತೆರೆದರೆ ಕೆಲಸ ಹೋಗುತ್ತದೆ ಎಂದು ಉತ್ತರ ಸಿಕ್ಕಿತ್ತು.

*

ತನಿಖೆಯ ಬೆಳಗ್ಗೆ ಹೆಡ್‌ಮಾಸ್ಟರು ಓದು ಬಾರದ ಮಕ್ಕಳನ್ನೆಲ್ಲ ಪಕ್ಕದ ಉಗ್ರಾಣಕ್ಕೆ ತುಂಬಿಸಿದರು. ಪೊರಕೆ, ಬಕೆಟ್ಟು, ಮುರಿದ ಬೆಂಚುಗಳ ನಡುವೆ. ಬೀಗದ ಕೈ ನನ್ನ ಅಂಗೈಗಿಟ್ಟರು.

"ಸಾಹೇಬ್ರು ಗೇಟು ದಾಟೋವರೆಗೆ ತೆಗೀಬೇಡ."

"ಆಮೇಲೆ ಮಗಳಿಗೆ ಕುರ್ಚಿ ಕೊಡ್ತೀರಲ್ಲ ಸಾರ್?"

"ಯಾವ ಕುರ್ಚಿ?" ಎಂದರು. ಆಮೇಲೆ ನೆನಪಾಗಿ ನಕ್ಕರು. "ಓ ಅದಾ. ತನಿಖೆ ಮುಗಿದ್ರೆ ಆ ರೂಮು ಸ್ಟಾಫಿನ ಊಟಕ್ಕೆ. ಮೇಜುಗಳು ಸ್ವಲ್ಪ ಕುಳ್ಳು, ಅಡ್ಜಸ್ಟ್ ಮಾಡ್ಕೋತೀವಿ."

ನಾನು ಕಾರಿಡಾರಿನಲ್ಲಿ ನಿಂತು ಒರೆಸಿದ್ದನ್ನೇ ಒರೆಸಿದೆ. ಒಂದು ಕಡೆ ಉಗ್ರಾಣದ ಮುಚ್ಚಿದ ಬಾಗಿಲು, ಇನ್ನೊಂದು ಕಡೆ ಹೊಸ ಕೋಣೆಯ ತೆರೆದ ಬಾಗಿಲು. ನಡುವೆ ಒಂದು ತೆಳು ಗೋಡೆ. ಕೋಣೆಯೊಳಗೆ ಸಾಹೇಬರು ನೀಲಿ ಕುರ್ಚಿಯಲ್ಲಿ ಸಿಕ್ಕಿಕೊಂಡಿದ್ದರು. ಕುರ್ಚಿ ಏಳು ವರ್ಷದ ಮಗುವಿನದು, ಸಾಹೇಬರು ದೊಡ್ಡವರು. ಎದ್ದರೆ ಕುರ್ಚಿಯೂ ಏಳುತ್ತಿತ್ತು. ರ‍್ಯಾಂಕ್ ಕೆಂಪು ಕುರ್ಚಿಯಲ್ಲಿ ಕೂತಿದ್ದಳು. ಮಿಸ್ ಮೂಲೆಯಲ್ಲಿ ಗೊಂಬೆಯ ಹಾಗೆ.

"ಮೊದಲು ಹೇಗೆ ಓದ್ತಿದ್ಲು, ತೋರಿಸಿ," ಎಂದರು ಸಾಹೇಬರು.

ರ‍್ಯಾಂಕ್ ಶುರುಮಾಡಿದಳು. "ಒಂದು ಕ... ತೆ..."

ಗೋಡೆಯಾಚೆಯಿಂದ, ಧಪ್.

ಸಾಹೇಬರು ತಲೆ ಎತ್ತಿದರು. ರ‍್ಯಾಂಕ್ ಮುಂದುವರಿಸಿದಳು. "ಇ... ತು."

ಧಪ್.

"ಕತೆ ಹಳದ ಪಕ ಹುಲು..."

ಧಪ್. ಧಪ್. ಧಪ್. ಧಪ್.

"ಏನ್ರೀ ಅದು ಸದ್ದು?"

"ಹೆಗ್ಗಣ ಸಾರ್," ಎಂದರು ಹೆಡ್‌ಮಾಸ್ಟರು. ಹೊರಗೆ ಬಂದು ನನ್ನ ಮೇಲೆ ಹಲ್ಲು ಕಡಿದರು. "ಸುಮ್ಮನಿರಿಸು ಅವನ್ನ!"

ನಾನು ಉಗ್ರಾಣದ ಬಾಗಿಲಿಗೆ ಬಾಯಿ ಹಚ್ಚಿದೆ. ಒಳಗಿಂದ ಮಗಳ ದನಿ ಬಂತು.

"ಅಮ್ಮ, ಅವಳು ಒತ್ತು ಬಿಡ್ತಿದಾಳೆ. ಅವಳು ಬಿಟ್ರೆ ನಾವು ಕುಟ್ಬೇಕಲ್ವಾ?"

ನಿಜ ಹೇಳುತ್ತೇನೆ, ಅಲ್ಲಿಯವರೆಗೂ ನಾನು ಹೆದರಿದ್ದೆ. ಕೆಲಸ ಹೋದರೆ ಏನು ತಿನ್ನುವುದು ಎಂಬ ಹೆದರಿಕೆ. ಕತ್ತಲಲ್ಲಿ, ಪೊರಕೆಗಳ ಮಧ್ಯೆ ನಿಂತು, ಇನ್ನೊಬ್ಬಳು ಬಿಟ್ಟ ಒತ್ತನ್ನು ಇವರು ಕುಟ್ಟಿ ತುಂಬುತ್ತಿದ್ದಾರೆ. ಆ ಇನ್ನೊಬ್ಬಳು ಇವರ ಕುರ್ಚಿಯಲ್ಲಿ ಕೂತಿದ್ದಾಳೆ. ನನ್ನ ಹೆದರಿಕೆಗೆ ಬೆಂಕಿ ಬಿತ್ತು.

"ಕುಟ್ಟು ಮಗಾ," ಎಂದೆ. "ಗೋಡೆ ಬೀಳೋ ಹಾಗೆ ಕುಟ್ಟು."

ಒಳಗೆ ರ‍್ಯಾಂಕ್ ಕೊನೆಯ ಪದಕ್ಕೆ ಬಂದಿದ್ದಳು. "ತಿನುತಿತು."

ಧಪ್, ಧಪ್, ಧಪ್. ಮೇಜಿನ ಮೇಲಿದ್ದ ಮರದ ಅಕ್ಷರಗಳು ಕುಣಿದವು. ಸಾಹೇಬರು ಬೆರಳು ಮಡಿಸಿ ಎಣಿಸುತ್ತಿದ್ದರು.

"ರೀ, ನಿಮ್ಮ ಹೆಗ್ಗಣಕ್ಕೆ ಒತ್ತಕ್ಷರ ಬರುತ್ತಲ್ರೀ! ಇರ್ಲಿ. ಈಗ ಹೇಗೆ ಓದ್ತಾಳೆ ತೋರಿಸಿ."

ರ‍್ಯಾಂಕ್ ಪುಸ್ತಕ ನೋಡಿದಳು. ಅವಳ ಕೈ ಬೆವರಿತ್ತು. ಕಿವಿ ಕೆಂಪಾಗಿತ್ತು. ನನ್ನ ಮಗಳು ಅಷ್ಟು ಚೆನ್ನಾಗಿ ಕಲಿಸಿದ್ದಳು. "ಒಂದು ಕತೆ..." ಎಂದಳು. ಧಪ್. ಮತ್ತೆ, "ಕತೆ..." ಧಪ್. "ಕ... ಕತೆ..." ಧಪ್. ಪುಸ್ತಕ ಕೆಳಗಿಟ್ಟು ಹೋ ಎಂದು ಅತ್ತಳು. "ನಂಗೆ ಬರ್ತಿಲ್ಲ! ನಂಗೆ ಸರಿ ಬರ್ತಾನೇ ಇಲ್ಲ!"

ನಾನು ಉಗ್ರಾಣದ ಬೀಗ ತೆಗೆದೆ. ಹೆಡ್‌ಮಾಸ್ಟರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ನಾನು ನೋಡಿಯೂ ನೋಡಲಿಲ್ಲ. ಮಕ್ಕಳು ಜೇಡರ ಬಲೆ ತಲೆಗೆ ಸುತ್ತಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ಹೊರಬಂದವು.

"ಇವೇ ಸಾರ್ ಆ ಹೆಗ್ಗಣ," ಎಂದೆ.

"ಯಾರಿವರು?" ಎಂದರು ಸಾಹೇಬರು.

"ಸ್ವಚ್ಛತಾ ತಂಡ ಸಾರ್," ಎಂದರು ಹೆಡ್‌ಮಾಸ್ಟರು. ಅವರ ದನಿ ಒಣಗಿತ್ತು.

ಮಗಳು ಯಾರನ್ನೂ ಕೇಳದೆ ಪುಸ್ತಕ ಎತ್ತಿಕೊಂಡಳು. ಮಿಸ್ ಮೂಲೆಯಿಂದ ಬಂದು, ಕಿಟಕಿ ಕತ್ತರಿಸಿದ ರಟ್ಟನ್ನು ಪುಟದ ಮೇಲಿಟ್ಟಳು. ಮಗಳು ಓದಿದಳು. ಒಂದೊಂದು ಪದಕ್ಕೂ ನಿಂತು, ಉಸಿರೆಳೆದು. ಒತ್ತು ಬಂದ ಕಡೆ ಕಾಲು ಕುಟ್ಟಿ. ಹೊಳೆಯುವ ನೆಲದ ಮೇಲೆ ಉಗ್ರಾಣದ ಧೂಳಿನ ಹೆಜ್ಜೆ ಮೂಡಿತು, ಮೂಡಿತು, ಮೂಡಿತು. ಸಾಹೇಬರ ಎದುರಿಗಿದ್ದ ಚಹಾ ಆರಿತು. ಕೊನೆಗೆ "ತಿನ್ನುತ್ತಿತ್ತು" ಬಂತು. ಮೂರು ಕುಟ್ಟು. ಮುಗಿಯಿತು.

ನನಗೆ ಅಳು ಬಂತು. ಅತ್ತೆ. ಒರೆಸುವ ಬಟ್ಟೆಯಲ್ಲೇ ಮುಖ ಒರೆಸಿಕೊಂಡೆ.

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಆಮೇಲೆ ತೀರ್ಪು ಕೊಟ್ಟರು. "ಈ ಅಳ್ತಿರೋ ಹುಡುಗಿಗೆ ತೊಂದರೆ ಇದೆ. ಇವಳಿಗೆ ಚಿಕಿತ್ಸೆ ಮುಂದುವರಿಸಿ. ಈ ಪೊರಕೆ ಹುಡುಗಿ ಓದಿದ್ಲು. ಇವಳಿಗೆ ಕೊಠಡಿ ಅಗತ್ಯ ಇಲ್ಲ."

"ಸಾರ್, ಅವಳಿಗೆ ಬರೋದು ಆ ಒಂದೇ ಪುಟ," ಮಿಸ್ ಗಾಬರಿಯಿಂದ ಮುಂದೆ ಬಂದಳು. "ಪುಟ ತಿರುಗಿಸಿದ್ರೆ ಅಕ್ಷರ ಮತ್ತೆ ಕಲಸಿಹೋಗುತ್ತೆ. ಇನ್ನೂ ಎರಡು ಮೂರು ವರ್ಷ ಬೇಕು ಸಾರ್."

"ಓದು ಅಂದ್ರೆ ಓದು. ಎಷ್ಟು ಪುಟ ಅಂತ ನಿಯಮದಲ್ಲಿಲ್ಲ."

ಹೀಗೆಂದು ಅವರು ಎದ್ದರು. ಕುರ್ಚಿಯೂ ಎದ್ದಿತು. ವಾಚ್‌ಮನ್ ಅಣ್ಣ ಬಂದು ಕುರ್ಚಿ ಎಳೆದು ಸಾಹೇಬರನ್ನು ಬಿಡಿಸಿದ.

*

ಕಾರು ಗೇಟು ದಾಟಿದ್ದೇ ತಡ, ಹೆಡ್‌ಮಾಸ್ಟರು ಸ್ಲೇಟು ತಂದರು. ಸೀಮೆಸುಣ್ಣ ಮುರಿಯುವಷ್ಟು ಒತ್ತಿ ಬರೆದರು. ಮಗಳ ಕೊರಳಿಗೆ ಹಾಕಿದರು.

"ಹೋಗು. ಎಲ್ಲ ಕ್ಲಾಸಿಗೂ ಹೋಗಿ ತೋರಿಸು. ಹೋಗೇ!"

ಕೊರಳಲ್ಲಿ ಹಾಕಿಕೊಂಡವರಿಗೆ ಅಕ್ಷರ ತಲೆಕೆಳಗು. ಮಗಳು ಸ್ಲೇಟನ್ನು ಕೊರಳಿಂದ ತೆಗೆದು, ನೆಟ್ಟಗೆ ಹಿಡಿದುಕೊಂಡಳು. ಓದಿದಳು. "ನಾನು... ಕ..." ಕಾಲು ಕುಟ್ಟಿದಳು. "ತ್ತೆ."

ಕಾರಿಡಾರಿನಲ್ಲಿ ಯಾರೂ ನಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ರ‍್ಯಾಂಕ್ ಕೂಡ.

ಮಗಳು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿದಳು. ಅಕ್ಷರದ ಕೆಳಗಿನ ಒತ್ತನ್ನು ಒರೆಸಿದಳು. ಒರೆಸುವುದು ಅವಳಿಗೆ ಚೆನ್ನಾಗಿ ಬರುತ್ತದೆ, ಆ ಶಾಲೆಯಲ್ಲಿ ಕಲಿಸಿದ್ದೇ ಅದು. ಚೂರೂ ಉಳಿಯದ ಹಾಗೆ ಒರೆಸಿ ಸ್ಲೇಟನ್ನು ಹೆಡ್‌ಮಾಸ್ಟರ ಕಡೆ ತಿರುಗಿಸಿದಳು.

"ನಂಗೆ ಇಷ್ಟು ಸಾಕು ಸಾರ್. ಒತ್ತು ನಿಮ್ದು. ನೀವೇ ಇಟ್ಕೊಳಿ."

ಸ್ಲೇಟನ್ನು ತಾನೇ ಕೊರಳಿಗೆ ಹಾಕಿಕೊಂಡು, ಹೊಸ ಕೋಣೆಗೆ ನಡೆದು, ಕೆಂಪು ಕುರ್ಚಿಯಲ್ಲಿ ಕೂತಳು. ಉಳಿದ ಮಕ್ಕಳೂ ಹಿಂದೆಯೇ ಹೋದವು. ಕೂತಲ್ಲಿ ಕೂರಲಾರದವನೂ ಕೂತ.

"ಎಳ್ಕೊಂಡ್ ಬಾ ನಿನ್ನ ಮಗಳನ್ನ!" ಹೆಡ್‌ಮಾಸ್ಟರು ನನ್ನ ಮೇಲೆ ಹಾರಾಡಿದರು. "ನೆಲ ಎಲ್ಲ ಹೆಜ್ಜೆ ಮೂಡಿದೆ. ಒರೆಸು ಮೊದಲು!"

"ಒರೆಸಲ್ಲ ಸಾರ್."

"ಏನಂದೆ?"

"ಯಾವ ಮಕ್ಕಳಿಗಾಗಿ ಕೋಣೆ ಇದೆಯೋ ಅವರೇ ಗುಡಿಸಬೇಕು ಅಂತ ನಿಯಮ ಮಾಡಿದ್ದು ನೀವೇ. ಈಗ ಸಾಹೇಬ್ರ ಬಾಯಲ್ಲಿ ಆ ಕೋಣೆ ರ‍್ಯಾಂಕ್‌ದು. ಅವಳ ಅಪ್ಪನ್ನ ಕರೆಸಿ, ಮಗಳ ಕೈಗೆ ಪೊರಕೆ ಕೊಡಿ ಅಂತ ಹೇಳಿ. ಇಲ್ಲಾ, ಆ ಕೋಣೆ ಇಂಥವರದ್ದು ಅಂತ ಸಾಹೇಬ್ರಿಗೆ ನಿಜ ಬರೀರಿ. ನಮ್ಮ ಮಕ್ಕಳದ್ದೇ ಅಂತಾದ್ರೆ ಗುಡಿಸ್ತಾರೆ. ಕೂತು, ಓದಿ, ಆಮೇಲೆ ಗುಡಿಸ್ತಾರೆ."

"ನಿನ್ನ ಕೆಲಸ ಹೋಗುತ್ತೆ!"

"ಹೋಗ್ಲಿ ಸಾರ್. ಕಕ್ಕಸು ಎಲ್ಲ ಊರಲ್ಲೂ ಇದೆ."

ಬಕೆಟ್ಟನ್ನು ಅವರ ಕಾಲ ಬಳಿ ಇಟ್ಟೆ. ಮಾಪನ್ನು ಅವರ ಕೈಗೆ ಒರಗಿಸಿದೆ. ಅವರು ಗಾಬರಿಯಲ್ಲಿ ಹಿಡಿದುಕೊಂಡರು. ಹೆಡ್‌ಮಾಸ್ಟರ ಕೈಯಲ್ಲಿ ಮಾಪ್ ನೋಡಿ ಇಡೀ ಐದನೇ ತರಗತಿ ಕಿಟಕಿಗೆ ಬಂತು. ಅವರು ಅದನ್ನು ಎಲ್ಲಿಡುವುದೆಂದು ತಿಳಿಯದೆ, ಹಿಡಿದುಕೊಂಡೇ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನನ್ನ ಕೆಲಸ ಹೋಯಿತೋ ಇದೆಯೋ ಅಂದು ಯಾರೂ ಹೇಳಲಿಲ್ಲ. ನಾನು ಹೊಸ ಕೋಣೆಯ ಹೊಸ್ತಿಲ ಮೇಲೆ ಕೂತೆ. ಆ ಶಾಲೆಯಲ್ಲಿ ಹಗಲು ಹೊತ್ತು ನಾನು ಕೂತದ್ದು ಅದೇ ಮೊದಲು. ಮರಳು ಮಿಸ್ ಬಾಗಿಲಿಗೆ ಬೆನ್ನು ಹಾಕಿ, ಹೊಸ ಮರಳಿನ ತಟ್ಟೆಯಲ್ಲಿ ಬೆರಳಾಡಿಸಿ, ಎರಡನೆಯ ಪುಟ ತೆರೆದಳು. ಮಗಳು ರಟ್ಟಿನ ಕಿಟಕಿ ಇಟ್ಟು, ಮೊದಲ ಪದವನ್ನು ಬಹಳ ಹೊತ್ತು ನೋಡಿದಳು. ತಪ್ಪಾಗಿ ಓದಿದಳು. ಯಾರೂ ನಗಲಿಲ್ಲ. ಮತ್ತೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ರ‍್ಯಾಂಕ್, ಮೆಲ್ಲಗೆ ಒಳಗೆ ಬಂದು, ಕಾಲೆತ್ತಿ ತಯಾರಾಗಿ ನಿಂತಳು.

ಧಪ್.

ಹೆಡ್‌ಮಾಸ್ಟರ ಕೋಣೆಯಿಂದ ಕೂಗು ಬಂತು. "ವಾಚ್‌ಮನ್! ಏನದು ಸದ್ದು?"

ವಾಚ್‌ಮನ್ ಅಣ್ಣ ಗೇಟಿನಿಂದಲೇ ಗಂಟಲೆತ್ತಿ ಹೇಳಿದ:

"ಹೆಗ್ಗಣ ಸಾರ್!"